ಪಂಖಾದ ಸದ್ದು



ಲಾರಿಯ ಎಂಜಿನ್ನಿನ ಕಥೆಯನ್ನು ಈ ಪುಟಗಳಿಗೆ ತಂದುದಕ್ಕೆ ನೀವು ಹುಬ್ಬೇರಿಸಬಹುದು. ಆದರೆ ನಮ್ಮ ಬೀದರ, ಭಾಲ್ಕಿ, ಔರಾದ ಭಾಗದಲ್ಲಿ ಎಷ್ಟು ಮನೆಗಳ ಅನ್ನ ಲಾರಿಯ ಗಾಲಿಯೊಡನೆ ಉರುಳುತ್ತಿದೆಯೆಂಬುದು ನಿಮಗೆ ತಿಳಿಯದ್ದಲ್ಲ. ನಿಮ್ಮ ಬಂಧುಗಳಲ್ಲಿಯೂ ಒಬ್ಬ ಚಾಲಕನೋ, ಕ್ಲೀನರನೋ, ಗಂಜಿನಲ್ಲಿ ಚೀಲ ಹೊರುವವನೋ ಇದ್ದಾನು. ನಾನು ಹೇಳಹೊರಟಿರುವುದು ಅಂಥ ಒಬ್ಬ ಚಾಲಕನಿಗೆ ನನ್ನಿಂದಾದ ಅನ್ಯಾಯವನ್ನು. ಅದು ಎಂಜಿನ್ನಿನ ನೆಪದಲ್ಲಿ ನಡೆದುದರಿಂದ ಎಂಜಿನ್ನಿನ ಮಾತನ್ನು ಬಿಟ್ಟು ಹೇಳಲು ಬರುವುದಿಲ್ಲ.

ನಾನು ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ವಿಜ್ಞಾನ ಬೋಧಿಸಿದವನು. ನಿವೃತ್ತನಾದಾಗ ಬಂದ ಹಣದ ಒಂದು ಪಾಲನ್ನು ಹಾಕಿ 2022ರಲ್ಲಿ ಹತ್ತು ಗಾಲಿಯ ಹಳೆಯ ಲಾರಿಯೊಂದನ್ನು ಕೊಂಡೆ. 2018ರಲ್ಲಿ ತಯಾರಾದ ಗಾಡಿ. ಮೊದಲ ಮಾಲೀಕರು ಚಾಲಕನ ಕೋಣೆಗೆ ಎ.ಸಿ. ಇರುವ ಮಾದರಿಯನ್ನೇ ಆರಿಸಿದ್ದರು. ಆ ದಿನಗಳಲ್ಲಿ ಲಾರಿಗೆ ಎ.ಸಿ. ಎಂದರೆ ಜನ ನಗುತ್ತಿದ್ದರು. ಮುಂದೆ 2023ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು ಅಧಿಸೂಚನೆ ಹೊರಡಿಸಿ, ಒಟ್ಟು ತೂಕ 3.5 ಟನ್ನಿಗೆ ಮೇಲ್ಪಟ್ಟ ಸರಕು ವಾಹನಗಳು 2025ರ ಅಕ್ಟೋಬರ್ 1ರಿಂದ ಎ.ಸಿ. ಕ್ಯಾಬಿನ್ನಿನೊಡನೆಯೇ ತಯಾರಾಗಬೇಕೆಂದು ವಿಧಿಸಿತು. ಎ.ಸಿ. ಲಾರಿ ಈಗ ಸೋಜಿಗವಲ್ಲ. ನನಗಾದ ತೊಂದರೆ ಇನ್ನು ಅನೇಕರಿಗೆ ಎದುರಾಗುವುದು ಸಹಜ.

ನಮ್ಮ ಚಾಲಕ ಸಂತಪುರದ ಕಡೆಯವನು, ನಲವತ್ತರ ಆಸುಪಾಸಿನ ಮಿತಭಾಷಿ. ಔರಾದದ ಕಡಲೆ, ತೊಗರಿ, ಸೋಯಾ ಅವನ ಕೈಯಲ್ಲಿ ಬೀದರಿನ ಗಂಜಿಗೂ ಕೆಲವೊಮ್ಮೆ ಹೈದರಾಬಾದಿಗೂ ತಲುಪುತ್ತಿದ್ದವು. 2024ರ ಫೆಬ್ರವರಿಯಲ್ಲಿ ಒಂದು ಸಂಜೆ ಲೆಕ್ಕ ಒಪ್ಪಿಸುವಾಗ ಆತ ಹೇಳಿದ: “ಸರ್, ಜನವಾಡ ದಾಟಿ ಏರು ಹತ್ತುವಾಗ ಎ.ಸಿ. ಹಚ್ಚಿದರ ಕಾಟಾ ಮ್ಯಾಲ ಏರ್ತದ. ಪಂಖಾನೂ ಮೊದಲಿನ್ಹಂಗ ಆವಾಜ್ ಮಾಡವಲ್ದು.”

ಎರಡು ವಾಕ್ಯ. ಮೊದಲನೆಯದನ್ನು ಕೇಳಿದೆ. ಎರಡನೆಯದು ಕಿವಿಯ ಮೇಲೆ ಬಿದ್ದು ಜಾರಿತು.

ಆ ದಾರಿಯನ್ನು ಬಲ್ಲ ನಿಮಗೆ ವಿವರಿಸಬೇಕಾಗಿಲ್ಲ. ಕೌಠಾದ ಬಳಿ ಮಾಂಜ್ರಾ ನದಿಯ ಕಪ್ಪು ಮಣ್ಣಿನ ಬಯಲನ್ನು ಬಿಟ್ಟರೆ ಮುಂದೆ ಬೀದರಿನ ಕೆಂಪು ಮುರ್‌ಕಲ್ಲಿನ ಪ್ರಸ್ಥಭೂಮಿಗೆ ಏರಬೇಕು. ತುಂಬಿದ ಲಾರಿ ಕೆಳಗಿನ ಗೇರಿನಲ್ಲಿ ನರಳುತ್ತ ಆಮೆಯಂತೆ ತೆವಳುತ್ತದೆ. ಅಲ್ಲಿ ಮುಳ್ಳು ಸ್ವಲ್ಪ ಮೇಲೇರಿದರೆ ಆಶ್ಚರ್ಯವೇನು ಎಂದುಕೊಂಡೆ. ಅದಕ್ಕಿಂತ ಹೆಚ್ಚಾಗಿ ನನ್ನ ಮನಸ್ಸಿನಲ್ಲಿ ಹೊಕ್ಕುದು ಸಂಶಯ. ಈತ ಮಧ್ಯಾಹ್ನ ಗಂಜಿನಲ್ಲಿ ಸರದಿಗಾಗಿ ನಿಂತಾಗ ಎಂಜಿನ್ ಓಡಿಸುತ್ತ ಎ.ಸಿ. ಹಾಕಿಕೊಂಡು ಮಲಗುತ್ತಾನೆ, ಡೀಸೆಲ್ ಸುಡುತ್ತಾನೆ, ಎಂಜಿನ್ ಹಾಳು ಮಾಡುತ್ತಾನೆ ಎಂದು ಲೆಕ್ಕ ಹಾಕಿದೆ. ಇಂಥ ಲೆಕ್ಕಗಳಲ್ಲಿ ನಾವು ಮಾಲೀಕರು ಬಲು ಚುರುಕು.

ಭಾಲ್ಕಿಯ ಒಂದು ಕಾರ್ಯಾಗಾರಕ್ಕೆ ಗಾಡಿ ಒಯ್ದೆವು. ಅವರು ರೇಡಿಯೇಟರನ್ನು ಕೆಳಗಿಳಿಸಿ ತೊಳೆದು ಕೂಡಿಸಿದರು, ಅದರ ಮುಚ್ಚಳ ಬದಲಿಸಿದರು. ಥರ್ಮೋಸ್ಟ್ಯಾಟ್ ಎಂಬ ಚಿಕ್ಕ ಕವಾಟವನ್ನು “ನಮ್ಮ ಬಿಸಿಲಿಗೆ ಇದು ಬೇಡವೇ ಬೇಡ” ಎಂದು ಕಿತ್ತೇಬಿಟ್ಟರು. ಎರಡು ವಾರ ಹಾಗೂ ಹೀಗೂ ನಡೆಯಿತು. ಬಿಸಿಲು ಏರಿದಂತೆ ಮತ್ತೆ ಅದೇ ಕಥೆ. ಆಗ ಅವರು, ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ನಿನ ತಲೆ ಬಿಚ್ಚಬೇಕು, ಐವತ್ತು ಸಾವಿರ ಸಿದ್ಧವಿಟ್ಟುಕೊಳ್ಳಿ ಎಂದರು. ಸುಗ್ಗಿಯ ಬಾಡಿಗೆ ಇನ್ನೂ ಕೈಸೇರಿರಲಿಲ್ಲ. ನಾನು ಒಂದು ಸುಲಭದ ಆಜ್ಞೆ ಹೊರಡಿಸಿದೆ: ಮಳೆಗಾಲದವರೆಗೆ ಎ.ಸಿ. ಮುಟ್ಟಕೂಡದು, ಏರಿನಲ್ಲಿ ಕಾಟಾ ಮೇಲೇರಿದರೆ ಕ್ಯಾಬಿನ್ನಿನ ಹೀಟರನ್ನು ಪೂರ್ತಿ ತೆರೆಯಬೇಕು.

ಎರಡನೆಯ ಉಪಾಯವನ್ನು ಯಾರೋ ಹೇಳಿದ್ದರು. ಅದು ಸುಳ್ಳಲ್ಲ. ಹೀಟರ್ ಎಂಬುದು ಇನ್ನೊಂದು ಪುಟ್ಟ ರೇಡಿಯೇಟರೇ. ತೆರೆದರೆ ಎಂಜಿನ್ನಿನ ಬಿಸಿಯ ಒಂದಂಶ ಕ್ಯಾಬಿನ್ನಿನೊಳಕ್ಕೆ ಹರಿದು ಮುಳ್ಳು ಇಳಿಯುತ್ತದೆ. ಶಾಖವು ನಾಶವಾಗುವುದಿಲ್ಲ, ಒಂದೆಡೆಯಿಂದ ಇನ್ನೊಂದೆಡೆಗೆ ಹೋಗುತ್ತದೆ ಎಂದು ವರ್ಷವರ್ಷವೂ ಮಕ್ಕಳಿಗೆ ಹೇಳಿದವನು ನಾನು. ಆ “ಇನ್ನೊಂದೆಡೆ”ಯಲ್ಲಿ ಒಬ್ಬ ಮನುಷ್ಯ ಕುಳಿತಿರುತ್ತಾನೆಂಬುದನ್ನು ಮಾತ್ರ ಯೋಚಿಸಲಿಲ್ಲ.

ಆ ವರ್ಷದ ಏಪ್ರಿಲ್ ಕೊನೆಯನ್ನು ನೀವು ಮರೆತಿರಲಾರಿರಿ. ಉತ್ತರ ಕರ್ನಾಟಕವೆಲ್ಲ ಬಿಸಿಗಾಳಿಯಲ್ಲಿ ಬೇಯುತ್ತಿತ್ತು. ಮೇ 7ರ ಲೋಕಸಭಾ ಮತದಾನಕ್ಕೆ ಪ್ರಚಾರ ಮಾಡುವವರು ಸಹ ನಡುಹಗಲು ಮನೆಯೊಳಗೆ ಅಡಗುತ್ತಿದ್ದರು. ಅಂಥ ಒಂದು ಮಧ್ಯಾಹ್ನ ಔರಾದದಿಂದ ಕಡಲೆ ತುಂಬಿಕೊಂಡು ಬಂದ ನಮ್ಮ ಚಾಲಕ, ನನ್ನ ಆಜ್ಞೆಯಂತೆ ಎ.ಸಿ. ಇಲ್ಲದೆ, ಹೀಟರ್ ತೆರೆದುಕೊಂಡು ಏರು ಹತ್ತಿದ. ಮೇಲೆ ಬಂದು ಗಾಡಿಯನ್ನು ರಸ್ತೆಯ ಬದಿಗೆ ಸರಿಯಾಗಿಯೇ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಬಾಗಿಲು ತೆರೆದು ವಾಂತಿ ಮಾಡಿಕೊಂಡು ಕುಸಿದನಂತೆ. ಕ್ಲೀನರ್ ಹುಡುಗ ಫೋನಿನಲ್ಲಿ ಅಳುತ್ತಿದ್ದ.

ಆಸ್ಪತ್ರೆಯಲ್ಲಿ ಸಲೈನ್ ಹಚ್ಚಿದರು. ಎರಡು ದಿನದಲ್ಲಿ ಆತ ಎದ್ದು ಕುಳಿತ. ವೈದ್ಯರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: “ಕ್ಯಾಬಿನ್ನಿನೊಳಗೆ ಎಷ್ಟು ಡಿಗ್ರಿ ಇತ್ತು?” ನನಗೆ ಗೊತ್ತಿರಲಿಲ್ಲ. ಎಂಜಿನ್ನಿನ ನೀರು ಎಷ್ಟು ಡಿಗ್ರಿ ಎಂದು ಕೇಳಿದ್ದರೆ ಹೇಳಬಹುದಾಗಿತ್ತು. ಚಾಲಕನ ಹೆಂಡತಿ ಬಾಗಿಲ ಬಳಿ ನಿಂತಿದ್ದಳು, ಏನೂ ಅನ್ನಲಿಲ್ಲ.

ಅನಂತರವೇ ನಾನು ನೌಬಾದಿನ ಹತ್ತಿರ ದುಡಿಯುವ ಹಿರಿಯ ಮಿಸ್ತ್ರಿಯೊಬ್ಬರ ಬಳಿ ಹೋದೆ. ಅವರು ಬಾನೆಟ್ಟನ್ನು ಮುಟ್ಟಲೇ ಇಲ್ಲ. “ಓಡಿಸುವವನು ಎಲ್ಲಿ?” ಎಂದರು. ಹುಷಾರಿಲ್ಲ ಎಂದೆ. “ಹುಷಾರಾದ ಮೇಲೆ ಕರೆದುಕೊಂಡು ಬನ್ನಿ. ಗಾಡಿಗೆ ಬಾಯಿಲ್ಲ, ಅವನಿಗಿದೆ.” ಹತ್ತು ದಿನ ಗಾಡಿ ಅವರ ಅಂಗಳದ ಬೇವಿನ ಮರದಡಿ ನಿಂತಿತ್ತು.

ಹತ್ತನೆಯ ದಿನ ಚಾಲಕ ಬಂದ. ಮಿಸ್ತ್ರಿಯ ವಿಚಾರಣೆ ವಕೀಲರದಂತೆ ನಡೆಯಿತು. ಸಪಾಟಾದ ರಸ್ತೆಯಲ್ಲಿ, ಹುಮನಾಬಾದಿನಾಚೆ ಹೈದರಾಬಾದಿನ ಹೆದ್ದಾರಿಯಲ್ಲಿ ವೇಗವಾಗಿ ಓಡುವಾಗ ಬಿಸಿಯಾಗುತ್ತದೆಯೇ? ಎ.ಸಿ. ಹಚ್ಚಿದ್ದರೂ ಇಲ್ಲ. ಏರಿನಲ್ಲಿ? ಹೌದು. ಗಂಜಿನಲ್ಲಿ ನಿಂತಾಗ? ಮೆಲ್ಲಮೆಲ್ಲನೆ ಏರುತ್ತದೆ, ಎ.ಸಿ. ಆರಿಸಿದರೆ ಇಳಿಯುತ್ತದೆ. ನೀರು ಕಡಿಮೆಯಾಗುತ್ತದೆಯೇ? ಇಲ್ಲ. ಬೆಳಿಗ್ಗೆ ತಣ್ಣಗಿನ ಎಂಜಿನ್ ಚಾಲೂ ಮಾಡಿದಾಗ ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತವೆಯೇ? ಇಲ್ಲ. ಸೈಲೆನ್ಸರಿನಿಂದ ಬಿಳಿ ಹೊಗೆ? ಇಲ್ಲ.

“ಹಾಗಾದರೆ ತಲೆ ಬಿಚ್ಚುವ ಮಾತು ಬಿಡಿ. ಗಾಡಿ ಓಡುವಾಗ ಗಾಳಿ ತಾನೇ ಒಳಗೆ ನುಗ್ಗುತ್ತದೆ, ಆಗ ಎಂಜಿನ್ ತಣ್ಣಗಿದೆ. ನಿಂತಾಗ, ತೆವಳುವಾಗ ಗಾಳಿಯನ್ನು ಪಂಖಾ ಎಳೆಯಬೇಕು, ಆಗ ಬಿಸಿ. ಕಳ್ಳ ಯಾವ ಮನೆಯಲ್ಲಿದ್ದಾನೆ ಹೇಳಿ, ಮಾಸ್ತರ್?”

ಚಾಲಕ ನೆಲ ನೋಡುತ್ತ, “ಪಂಖಾ ಆವಾಜ್ ಮಾಡವಲ್ದು ಅಂತ ನಾ ಅವತ್ತೇ ಹೇಳಿದ್ದೆ” ಎಂದ. ಮಿಸ್ತ್ರಿ ನನ್ನ ಕಡೆ ನೋಡಿದರು.

ಓದುಗರೇ, ಇಲ್ಲಿ ಯಂತ್ರದ ಒಂದೆರಡು ಮಾತು ಹೇಳಿಬಿಡುತ್ತೇನೆ. ಡೀಸೆಲ್ಲಿನ ಶಕ್ತಿಯೆಲ್ಲ ಗಾಲಿಗೆ ಹೋಗುವುದಿಲ್ಲ. ಸ್ಥೂಲವಾಗಿ ಮೂರರಲ್ಲಿ ಒಂದು ಪಾಲು ಕೆಲಸವಾಗುತ್ತದೆ, ಒಂದು ಪಾಲು ಹೊಗೆಯೊಡನೆ ಹೋಗುತ್ತದೆ, ಉಳಿದುದರ ಬಹುಭಾಗವನ್ನು ನೀರು ಹೊತ್ತು ತಂದು ರೇಡಿಯೇಟರಿನಲ್ಲಿ ಗಾಳಿಗೆ ಒಪ್ಪಿಸಬೇಕು. ಸಮುದ್ರಮಟ್ಟದಲ್ಲಿ 100 ಡಿಗ್ರಿಗೆ ಕುದಿಯುವ ನೀರು, ಸುಮಾರು 660 ಮೀಟರ್ ಎತ್ತರದ ನಮ್ಮ ಬೀದರಿನಲ್ಲಿ 98ರ ಹತ್ತಿರವೇ ಕುದಿಯುತ್ತದೆ. ಅದಕ್ಕಾಗಿಯೇ ಒತ್ತಡ ಹಿಡಿಯುವ ಮುಚ್ಚಳ, ಕೂಲೆಂಟ್ ಎಲ್ಲ. (ಬಿಸಿ ಎಂಜಿನ್ನಿನ ಮುಚ್ಚಳವನ್ನು ತೆರೆಯಬೇಡಿ, ಯಾವ ಕಾರಣಕ್ಕೂ.) ಎ.ಸಿ. ಇದರ ಮೇಲೆ ಎರಡು ಹೊರೆ ಹೇರುತ್ತದೆ. ಅದರ ಕಂಪ್ರೆಸರ್ ಎಂಜಿನ್ನಿನಿಂದ ನಾಲ್ಕೈದು ಅಶ್ವಶಕ್ತಿ ಕೇಳುತ್ತದೆ. ಅದರ ಕಂಡೆನ್ಸರ್ ರೇಡಿಯೇಟರಿನ ಎದುರಿಗೇ ಕುಳಿತು, ಕ್ಯಾಬಿನ್ನಿನಿಂದ ತೆಗೆದ ಬಿಸಿಯನ್ನು ಅದರ ಮುಖಕ್ಕೆ ಊದುತ್ತದೆ. ಆದರೆ ನೂರೆಂಬತ್ತು ಅಶ್ವಶಕ್ತಿಯ ಎಂಜಿನ್ ಏರಿನಲ್ಲಿ ಹೊರಹಾಕುವ ಬಿಸಿಯ ಮುಂದೆ ಇದು ಚಿಟಿಕೆಯಷ್ಟು. ಆರೋಗ್ಯವಂತ ರೇಡಿಯೇಟರ್ ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಎ.ಸಿ. ಹಚ್ಚಿದೊಡನೆ ಮುಳ್ಳು ಏರಿತೆಂದರೆ ತಣಿಸುವ ವ್ಯವಸ್ಥೆ ಮೊದಲೇ ಅಂಚಿಗೆ ಬಂದು ನಿಂತಿದೆಯೆಂದು ಅರ್ಥ. ಎ.ಸಿ. ಇಲ್ಲಿ ಅಪರಾಧಿಯಲ್ಲ, ಸಾಕ್ಷಿ. ನಾನು ಸಾಕ್ಷಿಯ ಬಾಯಿಯನ್ನೇ ಮುಚ್ಚಿಸಿದ್ದೆ.

ಮಿಸ್ತ್ರಿ ಎಂಜಿನ್ ಬಿಸಿ ಮಾಡಿ, ದಿನಪತ್ರಿಕೆಯ ಒಂದು ಹಾಳೆಯನ್ನು ಜಾಲರಿಯ ಮುಂದೆ ಹಿಡಿದರು. ಪಂಖಾ ಸರಿಯಿದ್ದರೆ ಹಾಳೆಯನ್ನು ಸೆಳೆದು ಅಂಟಿಸಿಕೊಳ್ಳಬೇಕು. ಹಾಳೆ ಅಲುಗಾಡಿ ನೆಲಕ್ಕೆ ಬಿತ್ತು. ಎಂಜಿನ್ ಆರಿಸಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡು ಪಂಖಾವನ್ನು ಕೈಯಿಂದ ತಿರುವಿದರು. ಬಿಸಿಯಾಗಿದ್ದಾಗ ಅದು ಬಿಗಿಯಾಗಿ ತಡೆಯಬೇಕಿತ್ತು. ಇದೋ ಜಾತ್ರೆಯ ಗಿರಗಿಟ್ಟಲೆಯಂತೆ ಗರಗರನೆ ಸುತ್ತಿತು. ಈ ಪಂಖಾದ ನಡುವೆ ಒಂದು ಕ್ಲಚ್ ಇದೆ, ಅದರೊಳಗೆ ಸಿಲಿಕೋನ್ ಎಣ್ಣೆ. ರೇಡಿಯೇಟರಿನಿಂದ ಬರುವ ಗಾಳಿ ಬಿಸಿಯಾದರೆ ಮುಂದಿರುವ ಲೋಹದ ಪಟ್ಟಿ ಬಾಗಿ ಎಣ್ಣೆಗೆ ದಾರಿ ತೆರೆಯುತ್ತದೆ, ಕ್ಲಚ್ ಹಿಡಿಯುತ್ತದೆ, ಪಂಖಾ ಗರ್ಜಿಸುತ್ತ ತಿರುಗುತ್ತದೆ. ಆ ಗರ್ಜನೆಯೇ ಚಾಲಕ ಹೇಳಿದ ‘ಆವಾಜ್’. ನಮ್ಮ ಕ್ಲಚ್ಚಿನ ಅಂಚಿನಲ್ಲಿ ಎಣ್ಣೆ ಸೋರಿ, ಧೂಳು ಹಿಡಿದು ಕಪ್ಪಾಗಿ ಕಿರಣಗಳಂತೆ ಚೆದುರಿತ್ತು. ಎರಡು ಲೋಹಗಳ ಪಟ್ಟಿ ಬಿಸಿಗೆ ಬಾಗುವುದನ್ನು ನಾನು ತರಗತಿಯಲ್ಲಿ ಮೇಣದಬತ್ತಿಯ ಮೇಲೆ ಹಿಡಿದು ತೋರಿಸಿದವನು. ನಾಚಿಕೆಯಾಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಕಂಡೆನ್ಸರನ್ನು ಸಡಿಲಿಸಿ ಮುಂದಕ್ಕೆ ಸರಿಸಿದಾಗ ಅದರ ಹಿಂದೆ ಕಂಬಳಿಯಂಥ ಒಂದು ಪದರ ಕಂಡಿತು. ಹೊರಗಿನಿಂದ ನೋಡಿದರೆ ಎಲ್ಲವೂ ಶುಭ್ರ; ಒಳಗೆ, ಎರಡರ ಸಂದಿಯಲ್ಲಿ, ವರ್ಷದ ಸುಗ್ಗಿಯೇ ಕುಳಿತಿತ್ತು. ಒಂದು ಕಡೆ ಫೆಬ್ರವರಿ–ಮಾರ್ಚಿನ ಕಡಲೆಯ ಹೊಟ್ಟು, ಅದರೊಳಗೆ ತೊಗರಿಯ ಒಣ ಎಲೆ, ಆಳದಲ್ಲಿ ಅಕ್ಟೋಬರಿನ ಸೋಯಾದ ನವಿರು ದೂಳು ಎಣ್ಣೆಯೊಡನೆ ಗಟ್ಟಿಯಾಗಿತ್ತು. ಕಣದಲ್ಲಿ ರಾಶಿಯಂತ್ರ ಹೊಟ್ಟು ತೂರುವ ಕಡೆಗೇ ಮುಖ ಮಾಡಿ ಲಾರಿ ನಿಲ್ಲಿಸುತ್ತೇವಲ್ಲ! ಭಾಲ್ಕಿಯಲ್ಲಿ ರೇಡಿಯೇಟರನ್ನು ತೊಳೆದವರು ಅದರ ಒಳಗನ್ನಷ್ಟೇ ತೊಳೆದಿದ್ದರು. ಮರಳಿ ಕೂಡಿಸುವಾಗ ಸುತ್ತಲಿನ ರಬ್ಬರ್ ಪಟ್ಟಿಗಳನ್ನು ಹಾಕದೇ ಬಿಟ್ಟಿದ್ದರು. ಆ ಸಂದಿಯಿಂದ ಎಂಜಿನ್ನಿನ ಬಿಸಿಗಾಳಿಯೇ ಸುತ್ತಿ ಬಂದು ಮತ್ತೆ ರೇಡಿಯೇಟರಿಗೆ ಹೊಗುತ್ತಿತ್ತು. ಥರ್ಮೋಸ್ಟ್ಯಾಟ್ ಕಿತ್ತದ್ದೂ ಉಪಕಾರವಲ್ಲ. ಈ ಬಗೆಯ ಎಂಜಿನ್ನಿನಲ್ಲಿ ಅದು ತೆರೆದಾಗ ಅಡ್ಡದಾರಿಯನ್ನು ಮುಚ್ಚುತ್ತದೆ; ಅದಿಲ್ಲದಿದ್ದರೆ ನೀರಿನ ಒಂದು ಭಾಗ ರೇಡಿಯೇಟರನ್ನು ಕಾಣದೆಯೇ ಎಂಜಿನ್ನಿಗೆ ಮರಳುತ್ತದೆ.

ಮಿಸ್ತ್ರಿ ಹುಡುಗರ ಕೈಯಲ್ಲಿ ಎಂಜಿನ್ನಿನ ಕಡೆಯಿಂದ ಹೊರಮುಖವಾಗಿ, ಮೆಲ್ಲನೆಯ ನೀರಿನ ಧಾರೆಯಲ್ಲಿ ತೊಳೆಸಿದರು. ಜೋರು ಧಾರೆಗೆ ತೆಳು ರೆಕ್ಕೆಗಳು ಮಡಚುತ್ತವೆಯಂತೆ. ಹೊಸ ಕ್ಲಚ್ಚು, ಹೊಸ ಥರ್ಮೋಸ್ಟ್ಯಾಟು, ರಬ್ಬರ್ ಪಟ್ಟಿ, ಕೊಳವೆಬಾವಿಯ ಗಡಸು ನೀರಿನ ಬದಲು ಕೂಲೆಂಟು. ಎಲ್ಲ ಸೇರಿ ತಲೆ ಬಿಚ್ಚುವ ಖರ್ಚಿನ ಮೂರನೆಯ ಒಂದು ಪಾಲೂ ಆಗಲಿಲ್ಲ. ಭಾಲ್ಕಿಯವರನ್ನು ನಾನು ದೂರುವುದಿಲ್ಲ. ಅವರಿಗೆ ಗಾಡಿ ಒಪ್ಪಿಸಿದ್ದು ನಾನು, “ಎ.ಸಿ. ಹಚ್ಚಿದರೆ ಬಿಸಿಯಾಗುತ್ತದೆ” ಎಂದಷ್ಟೇ ಹೇಳಿದ್ದೂ ನಾನು.

ಮೇ ಮುಗಿಯುವ ಮುನ್ನ ಔರಾದಕ್ಕೆ ಮೊದಲ ಬಾಡಿಗೆ ಸಿಕ್ಕಿತು. ನಾನೂ ಬರುತ್ತೇನೆಂದೆ. ಚಾಲಕ ಬೇಡವೆನ್ನಲಿಲ್ಲ, ಬನ್ನಿರೆಂದೂ ಅನ್ನಲಿಲ್ಲ. ಮರಳುವಾಗ ಕೌಠಾದ ಸೇತುವೆಯ ಬಳಿ ಎ.ಸಿ. ಹಚ್ಚಲು ನಾನೇ ಹೇಳಬೇಕಾಯಿತು. ಆತನ ಕೈ ಗುಂಡಿಯ ಬಳಿಗೆ ಹೋಗಿ ಒಂದು ಕ್ಷಣ ನಿಂತದ್ದನ್ನು ಕಂಡೆ. ಜನವಾಡ ದಾಟಿತು. ಕೆಳಗಿನ ಗೇರು ಬಿತ್ತು. ಮುಳ್ಳು ನಡುವಿಗಿಂತ ಒಂದು ಕೂದಲೆಳೆ ಮೇಲೆದ್ದಿತು. ನಾನು ಅದನ್ನೇ ದಿಟ್ಟಿಸುತ್ತಿದ್ದೆ. ಆತ ರಸ್ತೆಯನ್ನು ನೋಡುತ್ತಿದ್ದ. ಅರ್ಧ ಏರಿನಲ್ಲಿ ನಮ್ಮ ಕಾಲಡಿಯಿಂದ, ಬಿರುಗಾಳಿ ಎದ್ದಂತೆ, ಒಂದು ಸದ್ದು ಹೊರಟಿತು.

“ಕೇಳ್ರಿ ಸರ್,” ಎಂದ ಆತ.

ಕೇಳಿದೆ. ಮುಳ್ಳು ಇಳಿಯಿತು.