ರಿಮೋಟ್ ಹಿಡಿದವನ ಮುಜುಗರ

'ಮನೆಮಂದಿಯೆಲ್ಲ ಒಟ್ಟಿಗೆ ಕೂತು ನೋಡುವಂಥ ಕಾರ್ಯಕ್ರಮ ಈಗ ಎಲ್ಲಿ ಬರುತ್ತೆ?' ಈ ಮಾತನ್ನು ನಾನು ಬ್ಯಾಂಕಿನ ಊಟದ ಬಿಡುವಿನಲ್ಲಿ ಆಡಿದ್ದೇನೆ, ಮದುವೆ ಮನೆಯ ಪಂಕ್ತಿಯಲ್ಲಿ ಆಡಿದ್ದೇನೆ, ರೈಲಿನಲ್ಲಿ ಗುರುತಿಲ್ಲದವರ ಹತ್ತಿರವೂ ಆಡಿದ್ದೇನೆ. ಆಡಿದಾಗಲೆಲ್ಲ ಎದುರಿನವರು ತಲೆದೂಗಿದ್ದಾರೆ. ಇಷ್ಟು ಸಲೀಸಾಗಿ ಎಲ್ಲರೂ ಒಪ್ಪುವ ಮಾತಿನೊಳಗೆ ಏನಿದೆ ಎಂದು ಈಚೆಗೆ ಬಿಡಿಸಿ ನೋಡತೊಡಗಿದೆ. ಟಿವಿಯ ಬಗ್ಗೆ ಸಿಕ್ಕಿದ್ದು ಕಡಿಮೆ, ನನ್ನ ಬಗ್ಗೆ ಸಿಕ್ಕಿದ್ದು ಜಾಸ್ತಿ.

ಶಿವಮೊಗ್ಗದ ನಮ್ಮ ಮನೆಯಲ್ಲಿ ಇರುವವರು ಅಮ್ಮ, ನಾನು, ಹೆಂಡತಿ, ಪಿಯುಸಿ ಓದುವ ಮಗ, ನಮ್ಮಲ್ಲೇ ಇದ್ದುಕೊಂಡು ಡಿಗ್ರಿ ಮಾಡುತ್ತಿರುವ ಅಕ್ಕನ ಮಗಳು. ರಿಮೋಟ್ ಸಾಮಾನ್ಯವಾಗಿ ನನ್ನ ಹತ್ತಿರವೇ ಇರುತ್ತದೆ. ಯಾರೂ ಕರೆದು ಕೊಟ್ಟದ್ದಲ್ಲ. ಅಪ್ಪ ಇದ್ದಾಗ ಅವರ ಹತ್ತಿರ ಇರುತ್ತಿತ್ತು, ಆಮೇಲೆ ನನ್ನ ಹತ್ತಿರ ಬಂತು. ಪರದೆಯ ಮೇಲೆ ನಾಯಕ ನಾಯಕಿಯ ಹತ್ತಿರ ಸರಿದರೆ ಸಾಕು, ನನ್ನ ಹೆಬ್ಬೆರಳು ತಾನಾಗಿ ಗುಂಡಿ ಒತ್ತುತ್ತದೆ. ಸುದ್ದಿ ವಾಹಿನಿ ಬರುತ್ತದೆ. ಅಲ್ಲಿ ಬೈಕಿಗೆ ಲಾರಿ ಗುದ್ದಿದ ಸಿಸಿಟಿವಿ ದೃಶ್ಯವನ್ನು ಹಿಂದೆ ಮುಂದೆ ಮಾಡಿ ತೋರಿಸುತ್ತಿದ್ದರೂ ಬೆರಳು ಅಲ್ಲಾಡುವುದಿಲ್ಲ. ಧಾರಾವಾಹಿಯಲ್ಲಿ ಅತ್ತೆ ಸೊಸೆಯ ಕೆನ್ನೆಗೆ ಬಾರಿಸಿ, ಆ ಏಟನ್ನು ಮೂರು ಕಡೆಯಿಂದ ತೋರಿಸಿ, ಮೂರು ಸಲ ಸಿಡಿಲಿನ ಸದ್ದು ಹಾಕಿದರೂ ಅಲ್ಲಾಡುವುದಿಲ್ಲ. ಹಾಗಾದರೆ ಮನೆಮಂದಿ ನೋಡುವಂಥದ್ದು ಎಂದು ನಾನು ಹೇಳುತ್ತಾ ಬಂದದ್ದಕ್ಕೆ ಒಂದೇ ಅಳತೆ: ಅಮ್ಮನ ಪಕ್ಕದಲ್ಲಿ ಕೂತಾಗ ನನಗೆ ಮುಜುಗರ ಆಗಬಾರದು. ಉಳಿದ ನಾಲ್ವರಿಗೆ ಏನಾಗುತ್ತದೆ ಎಂಬುದು ಆ ಅಳತೆಯಲ್ಲಿ ಇರಲೇ ಇಲ್ಲ.

ಹಿಂದಿನ ಕಾಲ ಹೀಗಿರಲಿಲ್ಲ ಎನ್ನುವವರಿದ್ದಾರೆ. ಶಂಕರ್ ನಾಗ್ ನಮ್ಮ ಜಿಲ್ಲೆಯ ಆಗುಂಬೆಯಲ್ಲೇ 'ಮಾಲ್ಗುಡಿ ಡೇಸ್' ತೆಗೆದವರು. ಭಾಷೆ ಹಿಂದಿಯಾದರೂ ಅದು ದೂರದರ್ಶನದಲ್ಲಿ ಬರುವಾಗ ಬೀದಿಯೆಲ್ಲ ಟಿವಿ ಇದ್ದ ಮನೆಯಲ್ಲಿ ಸೇರುತ್ತಿತ್ತು. ಅದು ಒಳ್ಳೆಯ ಧಾರಾವಾಹಿ, ಈಗ ನೋಡಿದರೂ ಒಳ್ಳೆಯದೇ. ಆದರೆ ಆಗ ಎಲ್ಲರೂ ಒಟ್ಟಿಗೆ ಕೂತದ್ದಕ್ಕೆ ಅದೊಂದೇ ಕಾರಣವಲ್ಲ. ಇದ್ದದ್ದು ಒಂದೇ ವಾಹಿನಿ, ಬೀದಿಗೆ ಒಂದೋ ಎರಡೋ ಟಿವಿ. ಅಮ್ಮನಿಗೆ 'ಚಿತ್ರಮಂಜರಿ'ಯ ಹಾಡು ಬೇಕು, ಅಪ್ಪನಿಗೆ ವಾರ್ತೆ ಬೇಕು. ಬೇಡದ್ದು ಬಂದಾಗ ಅಮ್ಮ ಅಡುಗೆಮನೆಗೆ ಹೋಗುತ್ತಿದ್ದಳು. ಅವಳು ಎದ್ದು ಹೋದದ್ದನ್ನು ಆಗ ಯಾರೂ ವೀಕ್ಷಕರ ಅಭಿಪ್ರಾಯ ಎಂದುಕೊಳ್ಳಲಿಲ್ಲ. 1994ರಲ್ಲಿ ಉದಯ ಟಿವಿ ಬಂತು, 2000ದ ಕೊನೆಗೆ ಈಟಿವಿ ಕನ್ನಡ ಬಂತು. ನಮ್ಮಮ್ಮ ಟಿವಿ ಮುಂದೆ ಕೂತು ಮನಸಾರೆ ನಕ್ಕದ್ದನ್ನು ನಾನು ನೋಡಿದ್ದು ಆಮೇಲೆ.

ಅವಳನ್ನು ಹಾಗೆ ನಗಿಸಿದ್ದು ಸಿಹಿಕಹಿ ಚಂದ್ರು ಅವರ 'ಪಾಪ ಪಾಂಡು'. ಪಾಂಡುವಾಗಿ ಚಿದಾನಂದ, ಶ್ರೀಮತಿಯಾಗಿ ಶಾಲಿನಿ. ಪುಕ್ಕಲು ಗಂಡನನ್ನು ಹೆಂಡತಿ ಹಿಡಿದು ಬಾರಿಸುವುದೇ ಅದರ ಹಾಸ್ಯದ ಬೇರು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಗುತ್ತಿದ್ದಳು. ಅಪ್ಪ ಮಾತ್ರ ಆ ಹೊತ್ತಿಗೆ ಎದ್ದು 'ಎಂಥದೋ ಹುಚ್ಚಾಟ' ಎನ್ನುತ್ತ ಜಗಲಿಗೆ ಹೋಗುತ್ತಿದ್ದರು. ನಾವು ಚಿಕ್ಕವರಿದ್ದಾಗ ಅಪ್ಪ ಅಮ್ಮನ ಮೇಲೆ ಕೈ ಎತ್ತಿದ್ದನ್ನು ನಾನು ಕಂಡಿದ್ದೇನೆ. ಅಮ್ಮ ಅದರ ಬಗ್ಗೆ ಯಾವತ್ತೂ ಮಾತಾಡಿಲ್ಲ, ನಾವೂ ಕೇಳಿಲ್ಲ. ಶ್ರೀಮತಿಯ ಒಂದೊಂದು ಏಟಿಗೂ ಅವಳು ನಕ್ಕ ನಗೆಯಲ್ಲಿ ಆ ಮಾತೆಲ್ಲ ಇತ್ತೇನೋ ಎಂದು ಈಗ ಅನ್ನಿಸುತ್ತದೆ. ಗಂಡನಿಗೆ ಹೊಡೆಯುವುದನ್ನು ಮನೆಮಂದಿಗೆ ತೋರಿಸಬಹುದೇ ಎಂದು ಯಾರಾದರೂ ಕೇಳಿದರೆ ತತ್ವ ಹಿಡಿದು ಬೇಡ ಎನ್ನಬೇಕಾದೀತು. ನಾನು ಹಾಗೆ ಹೇಳಲಾರೆ. ಟಿವಿಯ ಹೊರಗೆ ಏಟು ಯಾವ ಕಡೆಯಿಂದ ಯಾವ ಕಡೆಗೆ ಬೀಳುತ್ತದೆ ಎಂಬುದು ನೋಡುವವರಿಗೆಲ್ಲ ಗೊತ್ತಿತ್ತು. ಅದನ್ನು ತಿರುಗಿಸಿ ಇಟ್ಟದ್ದರಿಂದಲೇ ನಗು ಬಂತು.

ಈಗಿನ ಕಾಮಿಡಿ ಶೋಗಳನ್ನು ನಾನು ಇಷ್ಟಪಟ್ಟು ನೋಡುವವನು. 2016ರಲ್ಲಿ ಜೀ ಕನ್ನಡದಲ್ಲಿ 'ಕಾಮಿಡಿ ಕಿಲಾಡಿಗಳು' ಶುರುವಾದಾಗ ಹಳ್ಳಿ ನಾಟಕದಲ್ಲಿ, ಕಾಲೇಜು ರಂಗದ ಮೇಲೆ ಪಳಗಿದ ಹುಡುಗ ಹುಡುಗಿಯರು ಬಂದು ನಿಂತದ್ದು ನನಗೆ ನಿಜವಾಗಿ ಖುಷಿ ಕೊಟ್ಟಿತು. ಉತ್ತರ ಕರ್ನಾಟಕದವರು ತಮ್ಮ ಮಾತಿನಲ್ಲೇ ಮಾತಾಡಿ ನಗಿಸುವುದು ಬೇರೆ, ಬೆಂಗಳೂರಿನ ನಟನೊಬ್ಬ ಆ ಮಾತನ್ನು ಅಣಕಿಸಿ ಪೆದ್ದನ ಪಾತ್ರ ಮಾಡುವುದು ಬೇರೆ. ಕಿವಿಗೆ ಆ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ಮೊದಲನೆಯದಕ್ಕೆ ನಾನು ಟಿವಿಗೆ ಋಣಿ.

ಆದರೆ ಇನ್ನೊಂದಿದೆ. ಒಂದು ಶನಿವಾರ ರಾತ್ರಿ ಬಂದ ಸ್ಕಿಟ್ ಅದು, ಯಾವ ವಾಹಿನಿ ಎಂಬುದು ಬೇಡ. ದಪ್ಪಗಿನ ನಟಿಯೊಬ್ಬರು ಸ್ಟೇಜ್ ಮೇಲೆ ಬರುತ್ತಾರೆ. ಅವರ ಒಂದೊಂದು ಹೆಜ್ಜೆಗೂ ನೆಲ ನಡುಗುವ ಸದ್ದು. ಕುರ್ಚಿಯಲ್ಲಿ ಕೂತರೆ ಕರಕರ ಎನ್ನುವ ಸದ್ದು. ಗಂಡನ ಪಾತ್ರದವನು ಅವರನ್ನು ಒಂದು ಅಡ್ಡಹೆಸರಿನಿಂದ ಕರೆಯುತ್ತಾನೆ. ತೀರ್ಪುಗಾರರು ಮೇಜು ಗುದ್ದಿ ನಗುತ್ತಾರೆ. ನಮ್ಮ ಮನೆಯಲ್ಲಿ ಮೊದಲು ನಕ್ಕವಳು ಅಕ್ಕನ ಮಗಳು, ಎಲ್ಲರಿಗಿಂತ ಜೋರಾಗಿ. ಅವಳೂ ಸ್ವಲ್ಪ ದಪ್ಪಗಿದ್ದಾಳೆ. ಅವಳು ನಕ್ಕಳಲ್ಲ ಎಂದು ನಾವೂ ಧಾರಾಳವಾಗಿ ನಕ್ಕೆವು. ವಾರ ಕಳೆದ ಮೇಲೆ ಬೇರೇನೋ ಮಾತಿನ ನಡುವೆ ಅವಳು ಅಂದಳು: 'ಕಾಲೇಜಲ್ಲಿ ಈಗ ನಂಗೆ ಅದೇ ಹೆಸರು, ಮಾವ.' ಮತ್ತೆ ಯಾಕೆ ನಕ್ಕೆ ಎಂದು ಕೇಳಿದೆ. 'ನಗದೆ ಇದ್ರೆ ಎಲ್ರೂ ನನ್ನ ಕಡೆ ತಿರುಗಿ ನೋಡ್ತಾರಲ್ಲ' ಅಂದಳು.

ಆ ಉತ್ತರವನ್ನು ನಾನು ಬಹಳ ಸಲ ಮನಸ್ಸಿನಲ್ಲಿ ತಿರುವಿ ಹಾಕಿದ್ದೇನೆ. ಮುಜುಗರವಾದವನ ಕೈಯಲ್ಲಿ ರಿಮೋಟ್ ಇತ್ತು, ಅವನು ವಾಹಿನಿ ಬದಲಾಯಿಸಿದ. ನೋವಾದವಳ ಕೈಯಲ್ಲಿ ಇದ್ದದ್ದು ನಗು ಒಂದೇ. ಅವಳು ಅದನ್ನು ಅಡ್ಡ ಹಿಡಿದಳು, ನಾವು ಅದನ್ನು ಮೆಚ್ಚುಗೆ ಎಂದು ಓದಿಕೊಂಡೆವು. ಟಿವಿ ಲೆಕ್ಕವೂ ಹೀಗೇ ಓದುತ್ತದೆ. ಯಾವ ಕಾರ್ಯಕ್ರಮವನ್ನು ಎಷ್ಟು ಜನ ನೋಡಿದರು ಎಂದು ಎಣಿಸುವ ಬಾರ್ಕ್ ಸಂಸ್ಥೆ ಮೀಟರ್ ಕೂರಿಸಿದ ಮನೆಯಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಗುಂಡಿ ಇರುತ್ತದೆ. ಟಿವಿ ಮುಂದೆ ಬಂದವರು ತಮ್ಮ ಗುಂಡಿ ಒತ್ತಬೇಕು, ಎದ್ದು ಹೋಗುವಾಗ ಮತ್ತೆ ಒತ್ತಬೇಕು. ದೇಶದಲ್ಲಿ ಟಿವಿ ಇರುವ ಮನೆ ಸುಮಾರು 23 ಕೋಟಿ, ಮೀಟರ್ ಇರುವುದು ಸುಮಾರು 58 ಸಾವಿರ. ಆ ಸಾವಿರಗಳಲ್ಲಿ ನಮ್ಮ ಹುಡುಗಿಯಂಥವರು ಎಷ್ಟೋ ಮಂದಿ ಇರಬೇಕು. ಅವರು ಕೋಣೆಯಲ್ಲಿ ಇದ್ದರು ಎಂದು ಯಂತ್ರ ಬರೆದುಕೊಳ್ಳುತ್ತದೆ. ಯಾಕೆ ಇದ್ದರು, ಯಾಕೆ ನಕ್ಕರು ಎಂದು ಕೇಳುವ ಗುಂಡಿ ಅದರಲ್ಲಿಲ್ಲ. ಮುಂದಿನ ವಾರ ಅದೇ ನಟಿ, ಅದೇ ಕುರ್ಚಿ, ಅದೇ ಸದ್ದು.

ಕಾಯಿದೆ ಏನು ಹೇಳುತ್ತದೆ ಎಂದು ಹುಡುಕಿ ಓದಿದೆ. ಕೇಬಲ್ ಟಿವಿ ಜಾಲಗಳ ನಿಯಮಗಳು 1994ರವು. ಅವುಗಳಲ್ಲಿ 6ನೆಯ ನಿಯಮವೇ ಕಾರ್ಯಕ್ರಮ ಸಂಹಿತೆ. ಅದರಲ್ಲಿ ಅಶ್ಲೀಲದ ಮಾತು ಬರುವುದು ಸಹಜ. ಆದರೆ ಅಲ್ಲಿಗೇ ಮುಗಿಯುವುದಿಲ್ಲ. ಹೆಣ್ಣಿನ ದೇಹವನ್ನು ಅವಳಿಗೆ ಅವಮಾನವಾಗುವಂತೆ ತೋರಿಸಬಾರದು, ಮಕ್ಕಳನ್ನು ಹೀಯಾಳಿಸಬಾರದು, ಯಾವುದೇ ಭಾಷೆಯ ಅಥವಾ ಪ್ರದೇಶದ ಜನರನ್ನು ಕೀಳಾಗಿ ಕಂಡು ಅಣಕಿಸಬಾರದು ಎಂದೂ ಅಲ್ಲಿ ಇದೆ. ಸರ್ಕಾರದ ಕಡತದ ಭಾಷೆಯಲ್ಲಿ ಬರೆದ ಈ ನಿಯಮ ನಮ್ಮ ಮನೆಯ ಅಳತೆಗಿಂತ ಎಷ್ಟೋ ವಿಶಾಲವಾಗಿದೆ. ನಾನು ಒಂದು ಚುಂಬನಕ್ಕೆ ಕಾವಲು ಕೂತಿದ್ದಾಗ ಅದು ಇನ್ನೂ ಮೂರ್ನಾಲ್ಕು ಜನರನ್ನು ನೆನಪಿಟ್ಟುಕೊಂಡಿತ್ತು. ದೂರು ಕೊಡಲು 2011ರಿಂದ ಬಿಸಿಸಿಸಿ ಎಂಬ ಮಂಡಳಿಯೂ ಇದೆ. ಅದರ ವಿಳಾಸ ಪರದೆಯ ತಳದಲ್ಲಿ ಹರಿದು ಹೋಗುವುದನ್ನು ನಾವೆಲ್ಲ ಕಂಡಿದ್ದೇವೆ, ಪೆನ್ನು ಹುಡುಕಿದವರು ಕಡಿಮೆ.

ಮಕ್ಕಳ ರಿಯಾಲಿಟಿ ಶೋ ವಿಚಾರದಲ್ಲಿ ನನ್ನ ಮನಸ್ಸು ಇವತ್ತಿಗೂ ಎರಡಾಗಿದೆ. 'ಡ್ರಾಮಾ ಜೂನಿಯರ್ಸ್'ನಲ್ಲಿ ಆರೇಳು ವರ್ಷದ ಮಕ್ಕಳು ಪೌರಾಣಿಕ ಸಂಭಾಷಣೆಯನ್ನು ಉಸಿರು ಕಟ್ಟಿ ಒಪ್ಪಿಸುವಾಗ ಮೈ ಜುಮ್ಮೆನ್ನುತ್ತದೆ. ಅದೇ ವಯಸ್ಸಿನ ಮಗು ಇನ್ನೊಂದು ಕಡೆ ದೊಡ್ಡವರ ಐಟಂ ಹಾಡಿಗೆ ಸೊಂಟ ಕುಣಿಸುವಾಗ ಪೋಷಕರ ಸಾಲಿನಿಂದ ಚಪ್ಪಾಳೆ. 2019ರ ಜೂನ್‌ನಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಇಂಥ ಡ್ಯಾನ್ಸ್ ಶೋಗಳ ಬಗ್ಗೆ ವಾಹಿನಿಗಳಿಗೆ ಎಚ್ಚರಿಕೆಯ ಸೂಚನೆ ಕಳಿಸಬೇಕಾಯಿತು. ಕುಣಿತ ನನಗೆ ಕಸಿವಿಸಿ ತಂದದ್ದು ನಿಜ. ಅದಕ್ಕಿಂತ ಹೆಚ್ಚು ಕಾಡುವುದು ಎಲಿಮಿನೇಷನ್. ಮಗುವನ್ನು ನಡುವೆ ನಿಲ್ಲಿಸಿ, ದೀಪ ಆರಿಸಿ, ಜಾಹೀರಾತಿನ ಬಿಡುವು ಕೊಟ್ಟು, ಬಂದು ಹೆಸರು ಹೇಳುತ್ತಾರೆ. ಮಗು ಅಳುತ್ತದೆ. ಕ್ಯಾಮೆರಾ ಕಣ್ಣೀರಿನ ಹತ್ತಿರ ಹೋಗುತ್ತದೆ, ಆಮೇಲೆ ತಾಯಿಯ ಹತ್ತಿರ ಹೋಗುತ್ತದೆ. ನಾನು ಬಿಡುವಿನಲ್ಲಿ ಎದ್ದು ಹೋಗುವುದಿಲ್ಲ, ಕೂತಿರುತ್ತೇನೆ. ಯಾರು ಹೋಗುತ್ತಾರೆ ಎಂದು ತಿಳಿಯುವ ಆಸೆ ನನಗೂ ಇದೆ. ಆ ಆಸೆ ಇರುವ ತನಕ ಆ ಬಿಡುವನ್ನು ನಾನೂ ಸೇರಿ ಮಾರುತ್ತಿದ್ದೇನೆ ಎಂಬುದು ನನ್ನ ನಂಬಿಕೆ.

ಹೀಗಲ್ಲದೆಯೂ ಮಾಡಬಹುದು ಎಂಬುದಕ್ಕೆ ಕನ್ನಡದಲ್ಲೇ ಸಾಕ್ಷಿಯಿದೆ. 'ಎದೆ ತುಂಬಿ ಹಾಡುವೆನು'ದಲ್ಲಿ ಎಸ್‌.ಪಿ. ಬಾಲಸುಬ್ರಹ್ಮಣ್ಯಂ ಮಕ್ಕಳನ್ನು ತಿದ್ದುತ್ತಿದ್ದ ರೀತಿಯನ್ನು ನೋಡಿದವರು ಮರೆತಿರಲಾರರು. ಹಾಡು ಬರೆದ ಕವಿಯ ಹೆಸರು, ರಾಗ ಹಾಕಿದವರ ಹೆಸರು, ಸಾಲಿನ ಅರ್ಥ ಎಲ್ಲ ಹೇಳುತ್ತಿದ್ದರು. ತಪ್ಪಿದ ಕಡೆ ತಾವೇ ಹಾಡಿ ತೋರಿಸಿ, ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಎಂದು ಕಲಿಸುತ್ತಿದ್ದರು. ತಪ್ಪನ್ನು ಬಿಟ್ಟುಕೊಡುತ್ತಿರಲಿಲ್ಲ, ಆದರೂ ಮಗು ತಲೆ ಎತ್ತಿಕೊಂಡು ಸ್ಟೇಜ್ ಇಳಿಯುತ್ತಿತ್ತು. ಅದೂ ಸ್ಪರ್ಧೆಯೇ, ಅದೂ ಖಾಸಗಿ ವಾಹಿನಿಯೇ, ಅದಕ್ಕೂ ಜಾಹೀರಾತು ಬೇಕಿತ್ತು. ರಿಯಾಲಿಟಿ ಶೋ ಅಂದಮೇಲೆ ಅಳಿಸಲೇಬೇಕು ಎನ್ನುವವರ ವಾದವನ್ನು ನಾನು ಒಪ್ಪದಿರುವುದು ಇದಕ್ಕೇ.

'ಬಿಗ್ ಬಾಸ್' ಬಗ್ಗೆ ಹೆಚ್ಚು ಹೇಳುವುದಿಲ್ಲ. 2013ರಿಂದ ಸುದೀಪ್ ಅವರ ಮಾತಿಗಾಗಿಯೇ ವಾರದ ಕೊನೆಗೆ ಕಾದು ಕೂರುವವರಲ್ಲಿ ಅಮ್ಮನೂ ಒಬ್ಬಳು. ಕೂಡಿಹಾಕಿದ ಜನ ಜಗಳ ಆಡುವುದು, ಶನಿವಾರ ಯಾರಾದರೊಬ್ಬರು ಬಂದು ನ್ಯಾಯ ಹೇಳುವುದು ಅವಳಿಗೆ ಹಿಡಿಸುತ್ತದೆ. ಕೂಡು ಕುಟುಂಬದಲ್ಲಿ ಬಾಳಿದವಳಿಗೆ ಆ ಜಗಳ ಹೊಸದಲ್ಲ, ಹಾಗೆ ಬಂದು ನ್ಯಾಯ ಹೇಳುವವರು ಮಾತ್ರ ಅವಳ ಪಾಲಿಗೆ ಇರಲಿಲ್ಲ. 2024ರಲ್ಲಿ ಬಿಗ್ ಬಾಸ್ ಮನೆಯನ್ನು ಸ್ವರ್ಗ, ನರಕ ಎಂದು ಎರಡು ಭಾಗ ಮಾಡಿದ್ದರ ಬಗ್ಗೆ ರಾಜ್ಯ ಮಹಿಳಾ ಆಯೋಗದ ತನಕ ದೂರು ಹೋದಾಗ ನಾನು ಅಮ್ಮನಿಗೆ ಓದಿ ಹೇಳಿದೆ. 'ಹೋಗ್ಲಿ, ಒಳ್ಳೇದಾಯ್ತು' ಅಂದಳು. ನೋಡುವುದನ್ನು ಬಿಡಲಿಲ್ಲ. ಇಷ್ಟಪಟ್ಟು ನೋಡುವುದು, ನೋಡುತ್ತಲೇ ಇದು ಸರಿಯಿಲ್ಲ ಎನ್ನುವುದು, ಎರಡೂ ಒಂದೇ ಮನುಷ್ಯರಲ್ಲಿ ಇರಬಹುದು ಎಂದು ಅವಳಿಂದ ಕಲಿತೆ.

ಕೊನೆಗೆ ಅವಳನ್ನೇ ನೇರವಾಗಿ ಕೇಳಿದೆ: 'ಟಿವಿಲಿ ಯಾವುದು ಬಂದ್ರೆ ನಿಂಗೆ ಒಂಥರಾ ಆಗುತ್ತಮ್ಮ?'

'ಆ ಪುಟ್ಟ ಮಕ್ಕಳನ್ನ ನಿಲ್ಸಿ ಅಳಿಸ್ತಾರಲ್ಲ, ಅದು ನೋಡಕ್ಕಾಗಲ್ಲ.'

'ಮತ್ತೆ ಸಿನಿಮಾದಲ್ಲಿ ಅದೆಲ್ಲ ಬಂದಾಗ?'

'ನಾನು ಚೇಂಜ್ ಮಾಡು ಅಂದಿದ್ನೇನೋ? ನೀನೇ ಮಾಡ್ತೀಯ. ನಿಂಗೆ ನಾಚ್ಕೆ ಅಂತ ನಾನು ಸುಮ್ನಿರ್ತೀನಿ.'

ಹೆಂಡತಿ ಅಲ್ಲೇ ಸೊಪ್ಪು ಬಿಡಿಸುತ್ತಿದ್ದಳು. ಅವಳನ್ನು ನಾನು ಕೇಳಿರಲಿಲ್ಲ. ಅವಳಾಗಿಯೇ, 'ರೀ, ಆ ಆಕ್ಸಿಡೆಂಟ್ ತೋರಿಸೋದನ್ನ ಮಾತ್ರ ಹಾಕಬೇಡಿ' ಅಂದಳು. ಅವಳ ತಮ್ಮ ತೀರಿಕೊಂಡದ್ದು ತೀರ್ಥಹಳ್ಳಿ ರಸ್ತೆಯಲ್ಲಿ, ಬೈಕ್‌ನಲ್ಲಿ. ಚುಂಬನದಿಂದ ಓಡಿ ಸುದ್ದಿ ವಾಹಿನಿಗೆ ಹೋಗುತ್ತಿದ್ದ ನನ್ನ ಬೆರಳು ಅವಳನ್ನು ಎಲ್ಲಿಗೆ ಕರೆದುಕೊಂಡು ಹೋಗಿ ನಿಲ್ಲಿಸುತ್ತಿತ್ತು ಎಂಬುದು ಆಗ ತಿಳಿಯಿತು.

ಅಕ್ಕನ ಮಗಳು ಕಾಮಿಡಿ ಶೋ ಬಿಟ್ಟಿಲ್ಲ. ಬಿಡು ಎಂದು ನಾನು ಹೇಳಿದ್ದಕ್ಕೆ ಅವಳಿಗೆ ಸಿಟ್ಟೇ ಬಂತು. 'ನಂಗೆ ಕಾಮಿಡಿ ಇಷ್ಟ ಮಾವ. ಆ ಆಕ್ಟರ್ ಟೈಮಿಂಗ್ ನೋಡಿದ್ಯಾ, ಕಣ್ಣಲ್ಲೇ ನಗಿಸ್ತಾರೆ. ಅವ್ರಿಗೆ ಕುರ್ಚಿ ಮುರಿಯೋದು ಬಿಟ್ಟು ಬೇರೆ ಜೋಕ್ ಬರೆದು ಕೊಡೋರು ಯಾರೂ ಇಲ್ವಾ?' ಅವಳ ಈ ಪ್ರಶ್ನೆಯನ್ನು ಅವಳ ಮಾತಿನಲ್ಲೇ ಕಾಗದದ ಮೇಲೆ ಬರೆಸಿ, 6ನೆಯ ನಿಯಮದ ಸಾಲನ್ನು ಕೆಳಗೆ ಸೇರಿಸಿ, ಆ ವಾಹಿನಿಯ ವಿಳಾಸಕ್ಕೆ ಕಳಿಸಿದ್ದೇವೆ. ಕೆಳಗೆ ನಮ್ಮ ಮನೆಯ ಐದೂ ಜನರ ಸಹಿ ಇದೆ, ಮೊದಲನೆಯದು ಅವಳದು.