ಚಿತ್ರ ಅವರದು, ಅರ್ಥ ನಮ್ಮದು

ನಮ್ಮ ಮನೆಯಲ್ಲಿ ಕುಂಭಕರ್ಣನ ಪಾತ್ರ ಅಮ್ಮನದು. ಎಪ್ಪತ್ತರ ಅಂಚಿನ ಹೆಂಗಸು ಸೋಫಾದ ಮೇಲೆ ಕಾಲು ಮಡಚಿ ಕೂತು, ಗಂಟಲು ಸರಿಮಾಡಿಕೊಂಡು, "ಯಾವನೋ ಅವನು ನನ್ನ ನಿದ್ದೆ ಕೆಡಿಸಿದವನು? ಕಾಫಿ ಆಗಿದೆಯೇನೋ?" ಎಂದು ಗುಡುಗಿದರೆ ಇಬ್ಬರು ಮೊಮ್ಮಕ್ಕಳೂ ಚಾಪೆಯ ಮೇಲೆ ಹೊರಳಾಡಿ ನಗುತ್ತಾರೆ. ಟಿವಿಯಲ್ಲಿ ಗುಡ್ಡದಂಥ ಆ ರಾಕ್ಷಸ ಸದ್ದಿಲ್ಲದೆ ಬಾಯಿ ತೆರೆದು ಮುಚ್ಚುತ್ತಿರುತ್ತಾನೆ. ಅವನ ಸ್ವಂತ ದನಿಯನ್ನು ನಾವು ಮೊದಲೇ ಮ್ಯೂಟ್ ಮಾಡಿರುತ್ತೇವೆ.

ಸಿನಿಮಾದ ಹೆಸರು 'ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ'. ಅಷ್ಟುದ್ದ ಹೇಳಬೇಕಿಲ್ಲ, 'ಜಪಾನಿನವರ ರಾಮಾಯಣ' ಎಂದರೆ ನನ್ನ ವಾರಿಗೆಯವರಿಗೆ ಥಟ್ಟನೆ ಗೊತ್ತಾಗುತ್ತದೆ. ಸಾಗರದ ನಮ್ಮ ಮನೆಗೆ ಆಗಷ್ಟೇ ಕೇಬಲ್ ಬಂದಿತ್ತು. ರಜೆಯಲ್ಲಿ ಕಾರ್ಟೂನ್ ಚಾನೆಲ್ ಇದನ್ನು ಮತ್ತೆ ಮತ್ತೆ ಹಾಕುತ್ತಿತ್ತು, ಹಿಂದಿಯಲ್ಲಿ. ರಾವಣನಿಗೆ ಅಮರೀಶ್ ಪುರಿಯ ದನಿ. ರಾಮನಿಗೆ ಅರುಣ್ ಗೋವಿಲ್. ದೂರದರ್ಶನದ ರಾಮಾಯಣದಲ್ಲಿ ರಾಮನಾಗಿದ್ದವನೇ. ಆ ಸ್ವರ ಕಿವಿಗೆ ಬಿದ್ದರೆ ಅಮ್ಮ ಅಡುಗೆಮನೆಯಿಂದ ಸೌಟು ಹಿಡಿದೇ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಹಿಂದಿ ನಮಗೆ ಅರ್ಧ ತಿಳಿಯುತ್ತಿತ್ತು, ರಾಮಾಯಣ ಪೂರ್ತಿ ಗೊತ್ತಿತ್ತು. ಲೆಕ್ಕ ಸರಿಹೋಗುತ್ತಿತ್ತು.

ಇದನ್ನು ಕಟ್ಟಿ ನಿಲ್ಲಿಸಿದ ಯುಗೋ ಸಾಕೊ ಸಾಕ್ಷ್ಯಚಿತ್ರದ ಮನುಷ್ಯ. 1980ರ ದಶಕದಲ್ಲಿ ಪುರಾತತ್ತ್ವಜ್ಞ ಬಿ. ಬಿ. ಲಾಲ್ ಉತ್ತರ ಪ್ರದೇಶದಲ್ಲಿ ನಡೆಸಿದ ಉತ್ಖನನವನ್ನು ಚಿತ್ರಿಸಲು ಬಂದವರು. ರಾಮಾಯಣವನ್ನು ಜಪಾನೀ ಭಾಷೆಯಲ್ಲಿ ಓದಿ ಮರುಳಾಗಿ ಹೋದರು. ರಾಮ ದೇವರು, ಅವನನ್ನು ಒಬ್ಬ ನಟನ ಮೈಯಲ್ಲಿ ತೋರಿಸುವುದಕ್ಕಿಂತ ಚಿತ್ರ ಬರೆದು ತೋರಿಸುವುದೇ ಮೇಲು ಎಂಬುದು ಅವರ ಪಟ್ಟು. ಪರದೇಶದವನೊಬ್ಬ ನಮ್ಮ ರಾಮನನ್ನು ಕಾರ್ಟೂನ್ ಮಾಡುವುದೇ ಎಂದು ಇಲ್ಲಿಂದ ಆಕ್ಷೇಪವೂ ಹೋಯಿತು. ಕೊನೆಗೆ ಕೆಲಸ ಜಪಾನಿನಲ್ಲೇ ನಡೆಯಿತು. ನಿರ್ದೇಶಕರಾಗಿ ಸಾಕೊ ಜೊತೆಗೆ ಕೋಯಿಚಿ ಸಾಸಾಕಿ ಮತ್ತು ನಮ್ಮ ಅನಿಮೇಷನ್ನಿನ ಹಿರಿಯ ರಾಮ್ ಮೋಹನ್ ಇದ್ದರು. ಪಂಚೆಯ ನೆರಿಗೆ ಹೇಗೆ ಬೀಳುತ್ತದೆ, ಕೈ ಮುಗಿದಾಗ ತಲೆ ಎಷ್ಟು ಬಾಗುತ್ತದೆ ಎಂಬಂಥವನ್ನೆಲ್ಲ ಭಾರತದ ಕಡೆಯವರು ಹೇಳಿಕೊಡಬೇಕಾಯಿತು. ಪಾಠ ಚೆನ್ನಾಗಿಯೇ ತಲುಪಿದೆ. ಕಣ್ಣುಗಳು ಮಾತ್ರ ಜಪಾನಿನಲ್ಲೇ ಉಳಿದುಕೊಂಡಿವೆ. ಲಕ್ಷ್ಮಣ ಸಿಟ್ಟಾದಾಗ ನೋಡಿ.

1993ರ ಜನವರಿಯಲ್ಲಿ ದೆಹಲಿಯ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಇದರ ಪ್ರದರ್ಶನವಾಯಿತು. ಅಯೋಧ್ಯೆಯಲ್ಲಿ ಮಸೀದಿ ಬಿದ್ದು ಆಗಿನ್ನೂ ತಿಂಗಳು ಕಳೆದಿತ್ತಷ್ಟೆ. ಚಿತ್ರಮಂದಿರಗಳಿಗೆ ದೊಡ್ಡದಾಗಿ ಬರಲೇ ಇಲ್ಲ. ಅದನ್ನು ಉಳಿಸಿದ್ದು ಟಿವಿ ಮತ್ತು ನಮ್ಮಂಥ ಮಕ್ಕಳು. 4ಕೆ ಮಾಡಿ ದೇಶದ ಚಿತ್ರಮಂದಿರಗಳಿಗೆ ತಂದಿದ್ದು 2025ರ ಜನವರಿಯಲ್ಲಿ. ಅಷ್ಟರಲ್ಲಿ ಸಾಕೊ ಹೋಗಿ ಹದಿಮೂರು ವರ್ಷವಾಗುತ್ತ ಬಂದಿತ್ತು, ರಾಮ್ ಮೋಹನ್ ಕೂಡ ಇರಲಿಲ್ಲ.

ಅಕ್ಕನ ಮಕ್ಕಳನ್ನು ಬೆಂಗಳೂರಿನಲ್ಲಿ ಹಿಂದಿ ಆಟಕ್ಕೆ ಕರೆದುಕೊಂಡು ಹೋದೆ. ಇಂಗ್ಲಿಷ್, ಹಿಂದಿ, ತಮಿಳು, ತೆಲುಗು ಇದ್ದವು, ಕನ್ನಡ ಇರಲಿಲ್ಲ. ಹಿಂದಿಗೂ ಹೊಸ ದನಿಗಳು. ಅಮರೀಶ್ ಪುರಿ ಇಲ್ಲದ ರಾವಣ ನನಗೆ ಉಪ್ಪಿಲ್ಲದ ಸಾರು. ಚಿಕ್ಕವನು ಉದ್ದಕ್ಕೂ "ಏನಂದ ಮಾಮ? ಈಗ ಏನಂದ?" ಎಂದು ಕೇಳಿದ, ನಾನು ಉದ್ದಕ್ಕೂ ಪಿಸುಗುಟ್ಟಿದೆ, ಮುಂದಿನ ಸೀಟಿನವರು ಉದ್ದಕ್ಕೂ ತಿರುಗಿ ನೋಡಿದರು. ಕನ್ನಡ ಇಲ್ಲವಲ್ಲ ಎಂದು ಆವತ್ತು ಸಿಟ್ಟು ಬಂದಿತ್ತು. ಈಗ ಅದೇನೂ ಉಳಿದಿಲ್ಲ. ಕನ್ನಡದ್ದೊಂದು ಪ್ರತಿ ಇದ್ದಿದ್ದರೆ ಮಕ್ಕಳನ್ನು ಅದರ ಮುಂದೆ ಕೂರಿಸಿ ನಾನು ಮೊಬೈಲ್ ನೋಡುತ್ತಿದ್ದೆ.

ಬೇಸಿಗೆ ರಜೆಗೆ ಮಕ್ಕಳು ಸಾಗರಕ್ಕೆ ಬಂದಾಗ ಟಿವಿಗೆ ಹಾಕಿದೆವು. ಚಿಕ್ಕವನ ಪ್ರಶ್ನೆ ಮತ್ತೆ ಶುರುವಾಯಿತು. "ದನಿ ತೆಗಿಯೋ ಅತ್ಲಾಗೆ, ನಾವೇ ಅರ್ಥ ಹೇಳಿದರಾಯ್ತು" ಎಂದವಳು ಅಮ್ಮ. ಅವಳ ತವರಿನಲ್ಲಿ ಮಳೆಗಾಲವಿಡೀ ತಾಳಮದ್ದಲೆ ನಡೆಯುತ್ತಿತ್ತು. ಭಾಗವತರು ಪದ ಹಾಡುವುದು, ಉಳಿದವರು ವೇಷವಿಲ್ಲದೆ ಕೂತು ಮಾತಿನಲ್ಲೇ ಅರ್ಥ ಹೇಳುವುದು. ಗಂಡಸರು ಜಗಲಿಯಲ್ಲಿ ವಾಲಿಯೋ ಕರ್ಣನೋ ಆಗಿ ಬೆಳಗಿನವರೆಗೆ ವಾದ ಹೂಡಿದರೆ, ಹೆಂಗಸರು ಒಳಗಿಂದ ಕೇಳುತ್ತಿದ್ದರು. ಕೇಳಿದ್ದೆಲ್ಲ ಅಷ್ಟು ವರ್ಷ ಒಳಗೇ ಇತ್ತು ಅಂತ ಕಾಣುತ್ತದೆ. ವೇಷ ಕಟ್ಟುವ ಕೆಲಸವನ್ನು ಜಪಾನಿನವರು ಮಾಡಿಟ್ಟಿದ್ದಾರೆ, ಮಾತಷ್ಟೇ ಬಾಕಿ. ಭಾಗವತಿಕೆ ರಿಮೋಟ್ ಹಿಡಿದ ಚಿಕ್ಕವನದು. ಪದ ಬಂದಾಗ ಅವನು ದನಿ ಬಿಡಬೇಕು. ನಾವು ಹಾಕುವುದು ಇಂಗ್ಲಿಷ್ ಪ್ರತಿ. ಅದರಲ್ಲಿ ಹಾಡುಗಳು ವಸಂತ ದೇವ್ ಬರೆದ ಸಂಸ್ಕೃತದವು, ಸಂಗೀತ ಶ್ಯಾಮ್ ಬೆನೆಗಲ್ ಚಿತ್ರಗಳ ವನರಾಜ್ ಭಾಟಿಯಾ ಅವರದು. ಅದನ್ನು ಮ್ಯೂಟ್ ಮಾಡಿದರೆ ಪಾಪ ಬರುತ್ತದೆ.

ದನಿ ಕೊಡುವುದು ನೋಡಲು ಸುಲಭ. ಆ ತುಟಿಗಳು ಇಂಗ್ಲಿಷಿಗೆ ಆಡುತ್ತವೆ, ಚಿಕ್ಕ ಚಿಕ್ಕ ಮಾತಿಗೆ. ನಾನು ರಾಮನಾಗಿ "ಪಿತೃವಾಕ್ಯ ಪರಿಪಾಲನೆಗಾಗಿ ಹದಿನಾಲ್ಕು ವರ್ಷ..." ಎನ್ನುವಷ್ಟರಲ್ಲಿ ರಾಮ ಬಾಯಿ ಮುಚ್ಚಿ ಹೊರಟೇ ಹೋಗಿರುತ್ತಾನೆ. ದೊಡ್ಡವಳು ಬಲು ಬೇಗ ಉಪಾಯ ಕಂಡುಕೊಂಡಳು. ಮುಖ ಕಾಣುವಾಗ ಒಂದೇ ಮಾತು. ಪಾತ್ರ ಬೆನ್ನು ತಿರುಗಿಸಿತೋ, ಬೇಕಾದಷ್ಟು. ಹೀಗಾಗಿ ಅವಳ ಸೀತೆ ಬೆನ್ನು ಹಾಕಿ ನಿಂತಾಗಲೇ ರಾವಣನನ್ನು ಹಿಗ್ಗಾಮುಗ್ಗಾ ಬೈಯುತ್ತಾಳೆ. ಅಮ್ಮನಿಗೆ ಇದ್ಯಾವುದರ ಹಂಗೂ ಇಲ್ಲ. ಕುಂಭಕರ್ಣ ಸತ್ತು ಬಿದ್ದ ಮೇಲೂ ಅವಳ ಅರ್ಥ ಮುಗಿದಿರುವುದಿಲ್ಲ. ಅಣ್ಣನಿಗೆ ಬುದ್ಧಿ ಹೇಳುವುದು ಇನ್ನೂ ಬಾಕಿ. ಎರಡೂಕಾಲು ಗಂಟೆಯ ಸಿನಿಮಾ ನಮ್ಮಲ್ಲಿ ಎರಡು ಸಂಜೆ ಹಿಡಿಯುವುದು ಹೀಗೆ.

ನಿಲ್ಲಿಸಿ ನಿಲ್ಲಿಸಿ ನೋಡುವುದರಿಂದ ಇನ್ನೊಂದು ಲಾಭವಾಯಿತು. ಯುದ್ಧದ ನಡುವೆ ಚಿಕ್ಕವನು ಪರದೆಗೆ ಬೆರಳಿಟ್ಟು, "ಆ ಬಂಡೆ ಈಗ ಎದ್ದೇಳತ್ತೆ" ಎಂದ. ಮರುಕ್ಷಣ ಕಪಿಯೊಂದು ಅದನ್ನೇ ಎತ್ತಿ ಎಸೆಯಿತು. ಇನ್ನೊಂದನ್ನೂ ಸರಿಯಾಗಿ ಹೇಳಿದ. ಹೇಗೋ ಎಂದರೆ, "ಅದರ ಬಣ್ಣ ಬೇರೆ." ಎದ್ದು ಹತ್ತಿರ ಹೋಗಿ ನೋಡಿದೆ, ನಿಜ. ಹಿನ್ನೆಲೆಯ ಬಂಡೆಗಳಿಗೆ ಕುಂಚದ ಒರಟು, ನೆರಳಿನ ಮೇಲೆ ನೆರಳು, ಅಲ್ಲಲ್ಲಿ ಪಾಚಿ. ಇದೊಂದಕ್ಕೆ ಮಾತ್ರ ಸುತ್ತ ಕಪ್ಪು ಗೆರೆ, ಒಳಗೆ ನುಣುಪಾದ ಒಂದೇ ಬೂದು. ಕಾರಣ ಸರಳ. ಹಿನ್ನೆಲೆಯನ್ನು ಕಾಗದದ ಮೇಲೆ ಒಂದೇ ಸಲ ಬರೆಯುತ್ತಾರೆ, ಎಷ್ಟು ಕುಸುರಿ ಬೇಕಾದರೂ ಮಾಡಬಹುದು. ಅಲುಗಾಡುವುದನ್ನೆಲ್ಲ ಬರೆಯುವುದು ಸೆಲ್ ಎಂಬ ಪಾರದರ್ಶಕ ಹಾಳೆಯ ಮೇಲೆ, ಮುಂದೆ ಗೆರೆ, ಹಿಂಬದಿಯಿಂದ ಬಣ್ಣ. ಹಾಳೆಯನ್ನು ಹಿನ್ನೆಲೆಯ ಮೇಲಿಟ್ಟು ಕ್ಯಾಮೆರಾ ಒತ್ತುವುದು, ತೆಗೆದು ಮುಂದಿನದನ್ನಿಡುವುದು. ಒಂದು ಸೆಕೆಂಡಿಗೆ 24 ಚೌಕಟ್ಟು ಓಡುವಾಗ ಪ್ರತಿ ಹಾಳೆಯಲ್ಲೂ ಪಾಚಿ ಬರೆಯುತ್ತ ಕೂರಲು ಯಾರಿಂದ ಸಾಧ್ಯ? ಈ ಚಿತ್ರಕ್ಕೆ ದುಡಿದವರು ಸುಮಾರು 450 ಕಲಾವಿದರು, ಸೆಲ್‌ಗಳು ಲಕ್ಷದ ಹತ್ತಿರ.

ಅಂದಿನಿಂದ ನಮ್ಮಲ್ಲಿ ಅದೂ ಒಂದು ಆಟ. ಯಾವ ಕೊಂಬೆ ಮುರಿಯುತ್ತದೆ, ಯಾವ ಬಾಗಿಲು ತೆರೆಯುತ್ತದೆ ಎಂದು ಮೊದಲೇ ಹೇಳುವುದು. ಬಾಲ್ಯದಲ್ಲಿ ಇದನ್ನು ಬಾಯಿಪಾಠವಾಗುವಷ್ಟು ನೋಡಿದ ನನಗೆ ಆ ಬಂಡೆ ಒಮ್ಮೆಯೂ ಕಂಡಿರಲಿಲ್ಲ. ನಾನು ಕಥೆ ನೋಡುತ್ತಿದ್ದೆ, ಇವನು ಚಿತ್ರ ನೋಡುತ್ತಿದ್ದಾನೆ. ಇಂದಿನ ಮಕ್ಕಳಿಗೆ ತಾಳ್ಮೆಯಿಲ್ಲ ಎನ್ನುವವರನ್ನು ಒಂದು ಸಂಜೆ ನಮ್ಮ ಮನೆಗೆ ಕರೆಯಬೇಕು. ಬಂದವರಿಗೆ ಜಾಂಬವಂತನ ಪಾತ್ರ ಖಾಲಿ ಇದೆ.

ದಸರಾ ರಜೆಗೆ ಪಾತ್ರ ಹಂಚಿಕೆ ಬದಲಾಗಲಿದೆ. ದೊಡ್ಡವಳಿಗೆ ರಾವಣನೇ ಬೇಕಂತೆ. ಹತ್ತು ತಲೆಗೂ ಹತ್ತು ದನಿ ರೂಢಿ ಮಾಡುತ್ತಿದ್ದಾಳೆ, ಒಂದು ತಲೆ ಶಾಲೆಯ ಪಿ.ಟಿ. ಮೇಷ್ಟ್ರ ದನಿಯಲ್ಲಿ ಮಾತಾಡುತ್ತದೆ ಎಂದು ಅಕ್ಕ ಫೋನಿನಲ್ಲಿ ಗೋಳಾಡಿದಳು. ನನ್ನನ್ನು ರಾಮನಿಂದ ಇಳಿಸಿ ಸುಗ್ರೀವನನ್ನು ಮಾಡಿದ್ದಾರೆ. ಕುಂಭಕರ್ಣನನ್ನು ಯಾರಿಗಾದರೂ ಬಿಟ್ಟುಕೊಡುತ್ತೀಯಾ ಎಂದು ಅಮ್ಮನನ್ನು ಕೇಳಿದೆ. "ನಾನು ಸತ್ತ ಮೇಲೆ ನೋಡಿಕೊಳ್ಳಿ" ಎಂದಳು, ಕುಂಭಕರ್ಣನ ದನಿಯಲ್ಲೇ.