ತೂಗುವ ಕೈ

ಕನ್ನಡದಲ್ಲಿ ತೊಟ್ಟಿಲನ್ನೂ ತೂಗುತ್ತೇವೆ, ತಕ್ಕಡಿಯಲ್ಲಿಟ್ಟ ಬೆಲ್ಲವನ್ನೂ ತೂಗುತ್ತೇವೆ. ಈ ಎರಡು ತೂಗುವಿಕೆಗಳು ಒಂದೇ ಕೂಸಿನ ಸಲುವಾಗಿ ಜಗಳವಾಡಿದ್ದನ್ನು ಇಂಡಿ ತಾಲೂಕಿನ ನಮ್ಮ ಮನೆಯಲ್ಲಿ ಕಂಡೆ.

ಮುದ್ದೇಬಿಹಾಳಕ್ಕೆ ಕೊಟ್ಟ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹುಟ್ಟಿದ ಗಂಡುಕೂಸಿನ ಹೃದಯದಲ್ಲಿ ಕೆಲಸ ಮಾಡುವ ಕುಕ್ಷಿ ಒಂದೇ. ಪುಪ್ಪುಸಕ್ಕೆ ರಕ್ತ ಒಯ್ಯುವ ದಾರಿ ಮುಚ್ಚಿತ್ತು. ಎರಡನೆಯ ವಾರದಲ್ಲಿಯೇ ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿ, ಮೂರೂವರೆ ಮಿಲಿಮೀಟರ್ ಅಗಲದ ಕೊಳವೆಯೊಂದರಿಂದ ಪುಪ್ಪುಸದ ಧಮನಿಗೆ ರಕ್ತ ಹರಿಸಿದರು. 1944ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಬ್ಲೇಲಾಕ್, ಟಾಸಿಗ್, ವಿವಿಯನ್ ಥಾಮಸ್ ಎಂಬ ಮೂವರು ತೋರಿಸಿದ ಉಪಾಯದ ಸಂತತಿ ಅದು. ಎರಡನೆಯ ಶಸ್ತ್ರಚಿಕಿತ್ಸೆ ನಾಲ್ಕರಿಂದ ಆರು ತಿಂಗಳಿಗೆ, ಮೂರನೆಯದು ಕೆಲವು ವರ್ಷಗಳ ಮೇಲೆ. ಅಲ್ಲಿಯವರೆಗೆ ಕೂಸಿನ ಜೀವ ಆ ಕೊಳವೆಯಲ್ಲಿ.

“ಮನೆಗೆ ಕರೆದೊಯ್ಯಿರಿ, ಆದರೆ ಕಾವಲಿರಿ” ಎಂದರು ವೈದ್ಯರು. ನಿತ್ಯ ಬೆಳಗ್ಗೆ ಬರಿಮೈಯಲ್ಲಿ ತೂಗಬೇಕು, ಪಾದಕ್ಕೆ ಪುಟ್ಟ ಉಪಕರಣ ಕಟ್ಟಿ ರಕ್ತದ ಪ್ರಾಣವಾಯುವನ್ನು ಅಳೆಯಬೇಕು, ಎರಡನ್ನೂ ಬರೆದಿಡಬೇಕು. ಪ್ರಾಣವಾಯು ನೂರಕ್ಕೆ 75ರ ಕೆಳಗಿಳಿದರೆ, ಒಂದು ದಿನದಲ್ಲಿ 30 ಗ್ರಾಂ ಇಳಿದರೆ, ಮೂರು ದಿನಗಳಲ್ಲಿ 20 ಗ್ರಾಂ ಏರದಿದ್ದರೆ ಕೂಡಲೇ ಫೋನು. ಈ ಕ್ರಮವನ್ನು 2000ನೆಯ ಇಸವಿಯಲ್ಲಿ ಮಿಲ್ವಾಕಿಯ ಮಕ್ಕಳ ಆಸ್ಪತ್ರೆಯವರು ಆರಂಭಿಸಿದರಂತೆ. ಎರಡು ಶಸ್ತ್ರಚಿಕಿತ್ಸೆಗಳ ನಡುವೆ ಮನೆಯಲ್ಲಿ ಎಷ್ಟೋ ಮಕ್ಕಳು ಯಾವ ಸೂಚನೆಯೂ ಇಲ್ಲದೆ ತೀರಿಹೋಗುತ್ತಿದ್ದುದೇ ಅದಕ್ಕೆ ಕಾರಣ. ಸೂಚನೆ ಇರುತ್ತಿತ್ತು, ಕಣ್ಣಿಗೆ ಕಾಣುತ್ತಿರಲಿಲ್ಲ, ಅಷ್ಟೆ. ನಮ್ಮ ಮಕ್ಕಳ ಕಪ್ಪು ಮೈಯಲ್ಲಂತೂ ನೀಲಿ ಬೇಗ ತೋರುವುದಿಲ್ಲ.

ಮರಳುವಾಗ ಅಳಿಯ ಬಸವನ ಬಾಗೇವಾಡಿ ರೋಡ್ ನಿಲ್ದಾಣದಲ್ಲಿಳಿದು ಊರಿಗೆ ಹೋದ. ನಾವು ಕೂಸು, ತಕ್ಕಡಿ, ಉಪಕರಣಗಳೊಡನೆ ಇಂಡಿ ರೋಡಿನಲ್ಲಿ ಇಳಿದೆವು. ನಿವೃತ್ತ ಶಿಕ್ಷಕನಾದ ನನಗೆ ಲೆಕ್ಕದ ಪುಸ್ತಕ ಬಂತು. ಮೂವತ್ತು ವರ್ಷ ಹಾಜರಿ ಬರೆದ ಕೈ. ಹೆಮ್ಮೆಯಿಂದಲೇ ಗೆರೆ ಎಳೆದೆ.

ಸಿಂದಗಿಯಿಂದ ನಾದಿನಿ ಬಂದಳು. ಕೂಸನ್ನು ದಿನವೂ ತಕ್ಕಡಿಗೆ ಹಾಕುವುದನ್ನು ಕಂಡು ಎದೆ ಬಡಿದುಕೊಂಡಳು. “ತೂಗಿದ ಕೂಸು ಬಾಡ್ತದ. ದೃಷ್ಟಿ ತಾಗ್ತದ. ಅದೂ ಅಮಾಸಿ ದಿನ!” ಹೆಂಡತಿ ಅವಳ ಕಡೆಯಾದಳು. ಮಗಳು ಅತ್ತಳು. ಕೂಸು ಮಾತ್ರ ಕೈಕಾಲು ಬಡಿಯುತ್ತ ನಗುತ್ತಿತ್ತು. ಮನೆಯ ಶಾಂತಿಗಾಗಿ ನಾನು ಮಾಡಿದ್ದನ್ನು ಹೇಳಿಬಿಡುತ್ತೇನೆ: ತೂಗದೆಯೇ ಹಿಂದಿನ ದಿನದ ಅಂಕಿಯನ್ನು ಪುಸ್ತಕದಲ್ಲಿ ಮತ್ತೊಮ್ಮೆ ಬರೆದೆ. ಉಪಕರಣವನ್ನೂ ಕಟ್ಟಲಿಲ್ಲ.

ಏಪ್ರಿಲ್ ತಿಂಗಳು; ನಮ್ಮ ಕಡೆಯ ಬಿಸಿಲನ್ನು ಬಲ್ಲವರೇ ಬಲ್ಲರು. ರಾತ್ರಿ ಎರಡು ಬಾರಿ ಭೇದಿಯಾಗಿತ್ತು. ಮರುದಿನ ತೂಗಿದರೆ 90 ಗ್ರಾಂ ಕಡಿಮೆ. ಪ್ರಾಣವಾಯು 71. ಕೂಸು ಆಗಲೂ ನಕ್ಕಿತು! ಬೆಂಗಳೂರಿಗೆ ಫೋನು ಮಾಡಿದೆವು. ನೀರಿನಂಶ ತಗ್ಗಿದರೆ ರಕ್ತ ದಪ್ಪವಾಗುತ್ತದೆ, ಕೊಳವೆಯಲ್ಲಿ ಹೆಪ್ಪುಗಟ್ಟಬಹುದು, ಒಂದು ನಿಮಿಷವೂ ತಡೆಯದೆ ವಿಜಯಪುರಕ್ಕೆ ಹೊರಡಿ ಎಂದರು. ಅಂದಿನಷ್ಟು ಉದ್ದದ ರಸ್ತೆಯನ್ನು ನಾನು ಕಂಡಿಲ್ಲ. ಮಗಳು ದಾರಿಯುದ್ದಕ್ಕೂ ಆ ಪುಟ್ಟ ಉಪಕರಣದ ಕೆಂಪು ಅಂಕಿಯನ್ನೇ ನೋಡುತ್ತಿದ್ದಳು, ಮಗನ ಮುಖವನ್ನಲ್ಲ.

ನಾಳಕ್ಕೆ ದ್ರವ ಹರಿಸಿದ ಮೇಲೆ ಮಧ್ಯಾಹ್ನದ ಹೊತ್ತಿಗೆ 79 ಬಂತು. ಎಳೆಯ ವಯಸ್ಸಿನ ವೈದ್ಯೆಯೊಬ್ಬಳು ನನ್ನ ಪುಸ್ತಕವನ್ನು ತಿರುವಿಹಾಕಿ, “ಎರಡು ದಿನವೂ ಒಂದೇ ತೂಕ ಇದೆಯಲ್ಲ, ನಿಮ್ಮ ತಕ್ಕಡಿ ಸರಿಯಾಗಿದೆಯೇ?” ಎಂದಳು.

“ತಕ್ಕಡಿ ಸರಿಯಾಗಿದೆ, ತಾಯೀ” ಎಂದೆ. ಉಳಿದುದನ್ನು ಹೇಳಲು ಸ್ವಲ್ಪ ಹೊತ್ತು ಬೇಕಾಯಿತು. ಅವಳು ಬೈಯಲಿಲ್ಲ, ಪೆನ್ನನ್ನು ನನ್ನತ್ತ ಚಾಚಿದಳು. ಆ ಅಂಕಿಯನ್ನು ಹೊಡೆದು “ತೂಗಲಿಲ್ಲ” ಎಂದು ಬರೆದೆ.

ಐದನೆಯ ತಿಂಗಳಲ್ಲಿ ಎರಡನೆಯ ಶಸ್ತ್ರಚಿಕಿತ್ಸೆಗೆಂದು ಬೆಂಗಳೂರಿಗೆ ಹೋದಾಗ ಆ ಪುಸ್ತಕವೂ ಜೊತೆಗಿತ್ತು. ಅಷ್ಟರವರೆಗೆ ದಿನಾಲು ಎಂಟು ಗಂಟೆಗೆ ಸಿಂದಗಿಯಿಂದ ಫೋನು ಬರುತ್ತಿತ್ತು. ನಾದಿನಿ ಕ್ಷೇಮ ಕೇಳುತ್ತಿರಲಿಲ್ಲ. “ಇವತ್ತೆಷ್ಟು?” ಎನ್ನುತ್ತಿದ್ದಳು.